ಕೋಡ್ ಬರೆಯುವ ಮುಂಚೆ ಡಿಸೈನ್ ರಿವ್ಯೂ ಮಾಡುವುದು ಹೇಗೆ?

"ಡಿಸೈನ್ ಎಲ್ಲರಿಗೂ ತೋರಿಸಿದ್ದೆವು. ಚೆನ್ನಾಗಿದೆ ಅಂದರು. ಡೆವಲಪ್‌ಮೆಂಟ್ ಅರ್ಧಕ್ಕೆ ಬಂದಾಗ ಒಂದೊಂದೇ ತೊಂದರೆ ಹೊರಬಿತ್ತು, ಎಷ್ಟೋ ಕೋಡ್ ಮತ್ತೆ ಬರೆಯಬೇಕಾಯಿತು. ಎಲ್ಲಿ ಎಡವಿದೆವು?" ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ಚಿಕ್ಕ ತಂಡಕ್ಕೆ ರಿವ್ಯೂ ಎಲ್ಲ ಬೇಕಾ, ಸುಮ್ನೆ ಸಮಯ ಹಾಳಲ್ವಾ?

ಬೇಕು. ಡಿಸೈನ್ ರಿವ್ಯೂ ಅಂದರೆ ಕೋಡ್ ಶುರು ಮಾಡುವ ಮುಂಚೆ ತಂಡದವರು ಒಟ್ಟಿಗೆ ಕೂತು ಡಿಸೈನ್‌ನಲ್ಲಿರುವ ತೊಂದರೆ ಹುಡುಕುವುದು. ಅದು ಯಾಕೆ ಬೇಕು ಅಂತ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ನೀವು ಡಾಕ್ಟರ್ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಆ್ಯಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಯಾರು ಲಾಗಿನ್ ಆಗಿದ್ದಾರೋ ಅವರ ಹೆಸರಲ್ಲೇ ಅಪಾಯಿಂಟ್‌ಮೆಂಟ್. ಸ್ಕ್ರೀನ್ ನೋಡಿದರೆ ಏನೂ ತಪ್ಪು ಕಾಣುವುದಿಲ್ಲ. ಆದರೆ ಮಗುವಿಗೋ ವಯಸ್ಸಾದ ತಾಯಿಗೋ ಬುಕ್ ಮಾಡುವವರು ಏನು ಮಾಡಬೇಕು? ಈ ಪ್ರಶ್ನೆ ರಿವ್ಯೂನಲ್ಲಿ ಬಂದರೆ ಡಿಸೈನರ್ ಒಂದು ಸ್ಕ್ರೀನ್ ಸೇರಿಸಿ, ಎರಡು ತಿದ್ದಿದರೆ ಮುಗಿಯಿತು. ಕೋಡ್ ಆದಮೇಲೆ ಬಂದರೆ ಕಥೆಯೇ ಬೇರೆ. ಡೇಟಾಬೇಸ್‌ನಲ್ಲಿ ಖಾತೆದಾರ ಮತ್ತು ರೋಗಿ ಒಬ್ಬರೇ ಅಂತ ಕೂತುಬಿಟ್ಟಿರುತ್ತದೆ. ಅದನ್ನು ಬೇರ್ಪಡಿಸಬೇಕು, ಹಳೆಯ ದಾಖಲೆಗಳನ್ನು ಹೊಸ ರೀತಿಗೆ ತರಬೇಕು, ಹೋಗುವ ಪ್ರತಿ ಎಸ್‌ಎಂಎಸ್‌ನಲ್ಲಿ ಯಾರ ಹೆಸರು ಬರಬೇಕು ಅಂತ ಮತ್ತೆ ಯೋಚಿಸಬೇಕು, ರಸೀದಿ ಬದಲಾಗಬೇಕು, ಟೆಸ್ಟ್‌ಗಳೆಲ್ಲ ಮತ್ತೆ ಬರೆಯಬೇಕು.

ತಪ್ಪನ್ನು ತಡವಾಗಿ ಹಿಡಿದರೆ ಖರ್ಚು ನೂರು ಪಟ್ಟು ಅನ್ನುವ ಮಾತನ್ನು ನೀವು ಕೇಳಿರಬಹುದು. ಬ್ಯಾರಿ ಬೋಮ್ ಎಂಬ ಸಾಫ್ಟ್‌ವೇರ್ ತಜ್ಞರು ದೊಡ್ಡ ಪ್ರಾಜೆಕ್ಟ್‌ಗಳ ಬಗ್ಗೆ ಹೇಳಿದ ಲೆಕ್ಕ ಅದು. ಚಿಕ್ಕ ಪ್ರಾಜೆಕ್ಟ್‌ಗಳಲ್ಲಿ ಅಂತರ ಸುಮಾರು ಐದು ಪಟ್ಟು ಇರಬಹುದು ಅಂತಲೂ ಅವರೇ ಬರೆದಿದ್ದಾರೆ. ಹಾಗಾಗಿ ನೂರರ ಲೆಕ್ಕ ಹೇಳಿ ಯಾರನ್ನೂ ಹೆದರಿಸಬೇಕಿಲ್ಲ. ಐದು ಪಟ್ಟು ಅಂದರೂ ಚಿಕ್ಕ ತಂಡಕ್ಕೆ ಅದು ದೊಡ್ಡ ಪೆಟ್ಟೇ. ಇದೇನೂ ಹೊಸ ವಿಚಾರವೂ ಅಲ್ಲ. ಐಬಿಎಂನಲ್ಲಿದ್ದ ಮೈಕೆಲ್ ಫೇಗನ್ ಕೋಡ್ ಜೊತೆಗೆ ಡಿಸೈನನ್ನೂ ಕ್ರಮವಾಗಿ ತಪಾಸಣೆ ಮಾಡುವ ವಿಧಾನವನ್ನು 1976ರಲ್ಲೇ ಪ್ರಕಟಿಸಿದ್ದರು.

ಶುರು ಮಾಡುವ ಮುಂಚೆ ಕೈಯಲ್ಲಿ ಏನಿರಬೇಕು?

ಒಂದು ಪುಟದ ಟಿಪ್ಪಣಿ ಸಾಕು. ಯಾರಿಗಾಗಿ ಮಾಡುತ್ತಿದ್ದೇವೆ, ಅವರ ಯಾವ ತೊಂದರೆ ನೀಗಬೇಕು, ನೀಗಿತು ಅಂತ ಹೇಗೆ ಗೊತ್ತಾಗುತ್ತದೆ, ಈ ಸಲ ಯಾವುದನ್ನು ಮಾಡುವುದಿಲ್ಲ. ಈ ಕೊನೆಯ ಸಾಲನ್ನು ಬಹಳ ಜನ ಬರೆಯುವುದಿಲ್ಲ. ಆಮೇಲೆ ಮೀಟಿಂಗ್‌ನ ಅರ್ಧ ಸಮಯ "ಇದನ್ನೂ ಸೇರಿಸಬಹುದಲ್ಲ" ಅನ್ನುವುದರಲ್ಲೇ ಹೋಗುತ್ತದೆ.

ಟಿಪ್ಪಣಿಯ ಜೊತೆಗೆ ಪ್ರೊಟೊಟೈಪ್ ಬೇಕು. ಪ್ರೊಟೊಟೈಪ್ ಅಂದರೆ ಹಿಂದೆ ಕೋಡ್ ಇಲ್ಲದಿದ್ದರೂ ಬಟನ್ ಒತ್ತಿದಾಗ ಮುಂದಿನ ಸ್ಕ್ರೀನ್‌ಗೆ ಹೋಗುವ ಮಾದರಿ. ಫಿಗ್ಮಾದಂಥ ಟೂಲ್‌ನಲ್ಲಿ ಮಾಡಬಹುದು. ಸ್ಕ್ರೀನ್‌ಗಳನ್ನು ಕಾಗದದ ಮೇಲೆ ಬರೆದು ಸಾಲಾಗಿ ಜೋಡಿಸಿಟ್ಟರೂ ನಡೆಯುತ್ತದೆ. ಬಿಡಿ ಬಿಡಿ ಚಿತ್ರಗಳಾಗಿ ಮಾತ್ರ ತೋರಿಸಬೇಡಿ. ತೊಂದರೆಗಳು ಅಡಗಿರುವುದು ಒಂದು ಸ್ಕ್ರೀನ್‌ನಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲೇ.

ಹಂತ 1: ಯಾವುದರ ಬಗ್ಗೆ ಅಭಿಪ್ರಾಯ ಬೇಕು ಅಂತ ಮೊದಲೇ ಹೇಳಿ

ಒಂದೇ ರಿವ್ಯೂನಲ್ಲಿ ಎಲ್ಲ ಮುಗಿಸಲು ಹೋಗಬೇಡಿ. ಕನಿಷ್ಠ ಎರಡು ಸಲ ಕೂರಿ. ಮೊದಲನೆಯದು ವೈರ್‌ಫ್ರೇಮ್ ಇರುವಾಗ. ವೈರ್‌ಫ್ರೇಮ್ ಅಂದರೆ ಬಣ್ಣ, ಚಿತ್ರ ಏನೂ ಇಲ್ಲದ ಕಚ್ಚಾ ರೂಪ, ಬರೀ ಚೌಕ ಮತ್ತು ಗೆರೆ. ಆಗ ಕೇಳಬೇಕಾದ್ದು ಒಂದೇ: ದಾರಿ ಸರಿಯಾಗಿದೆಯಾ? ಎರಡನೆಯದು ಡೆವಲಪರ್ ಕೈಗೆ ಕೊಡುವ ಸ್ವಲ್ಪ ಮುಂಚೆ. ಆಗ ವಿವರಗಳ ಸರದಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಮೊದಲ ಸಲವೇ ಚೆಂದದ ಬಣ್ಣ ಬಳಿದ ಸ್ಕ್ರೀನ್ ತೋರಿಸುವುದು. ಆಗ ಎಲ್ಲರ ಕಣ್ಣೂ ಬಣ್ಣದ ಮೇಲೇ ಹೋಗುತ್ತದೆ. ನೀಲಿ ಸ್ವಲ್ಪ ಗಾಢ ಆಯಿತು ಅನ್ನುವ ಮಾತಿನಲ್ಲಿ ಗಂಟೆ ಕಳೆಯುತ್ತದೆ, ರೋಗಿ ಯಾರು ಅನ್ನುವ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಮೀಟಿಂಗ್ ಶುರುವಿನಲ್ಲೇ ಹೇಳಿಬಿಡಿ: "ಇವತ್ತು ಬುಕಿಂಗ್ ದಾರಿಯ ಬಗ್ಗೆ ಮಾತ್ರ ಮಾತಾಡೋಣ. ಬಣ್ಣ, ಅಕ್ಷರಶೈಲಿ ಮುಂದಿನ ಸಲ."

ಹಂತ 2: ಸರಿಯಾದ ಜನರನ್ನು ಕರೆಯಿರಿ

ಐದಾರು ಜನ ಸಾಕು, ಹತ್ತು ಜನ ಜಾಸ್ತಿ ಆಯಿತು. ಡಿಸೈನರ್, ಪ್ರಾಡಕ್ಟ್ ಜವಾಬ್ದಾರಿ ಹೊತ್ತವರು, ನಿಜವಾಗಿ ಕೋಡ್ ಬರೆಯುವ ಡೆವಲಪರ್, ಟೆಸ್ಟರ್, ಗ್ರಾಹಕರ ದೂರು ಕೇಳುವ ಸಪೋರ್ಟ್ ತಂಡದ ಒಬ್ಬರು. ಡೆವಲಪರ್ ಬದಲು ಅವರ ಮ್ಯಾನೇಜರ್ ಬಂದು ಕೂತರೆ ಪ್ರಯೋಜನ ಇಲ್ಲ. ಬರೆಯುವವರಿಗೇ ಗೊತ್ತು, ಎಲ್ಲಿ ಕೈ ಸಿಕ್ಕಿಹಾಕಿಕೊಳ್ಳುತ್ತದೆ ಅಂತ.

ಸಪೋರ್ಟ್‌ನವರನ್ನು ಕರೆಯಲು ಹೆಚ್ಚಿನವರಿಗೆ ನೆನಪೇ ಆಗುವುದಿಲ್ಲ. ನನ್ನ ಪ್ರಕಾರ ಕೋಣೆಯಲ್ಲಿ ಅತಿ ಮುಖ್ಯ ವ್ಯಕ್ತಿ ಅವರೇ. ಜನ ಯಾವ ಬಟನ್ ಹುಡುಕಿ ಫೋನ್ ಮಾಡುತ್ತಾರೆ, ಯಾವ ಮೆಸೇಜ್ ಅರ್ಥವಾಗದೆ ಸಿಟ್ಟಾಗುತ್ತಾರೆ ಅನ್ನುವುದು ದಿನಾ ಅವರ ಕಿವಿಗೆ ಬೀಳುತ್ತಿರುತ್ತದೆ. ಆರೋಗ್ಯ, ಹಣ, ಮಕ್ಕಳ ಮಾಹಿತಿ ಇರುವ ಪ್ರಾಡಕ್ಟ್ ಆದರೆ ಖಾಸಗಿತನದ ನಿಯಮ ಬಲ್ಲವರೂ ಒಬ್ಬರು ಬೇಕು.

ಕೊನೆಗೆ ತೀರ್ಮಾನ ಹೇಳುವವರು ಯಾರು ಅಂತ ಮೊದಲೇ ಒಬ್ಬರ ಹೆಸರು ಗೊತ್ತುಮಾಡಿ. ಇನ್ನೊಂದು ಎಚ್ಚರಿಕೆ: ಕೋಣೆಯಲ್ಲಿರುವ ಹಿರಿಯರು ಮೊದಲು ಬಾಯಿ ಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ, ಅಷ್ಟೇ. ಅವರನ್ನು ಕೊನೆಯಲ್ಲಿ ಮಾತಾಡುವಂತೆ ಮುಂಚೆಯೇ ಕೇಳಿಕೊಳ್ಳಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ.

ಹಂತ 3: ಮೊದಲು ಓದಲಿ, ಆಮೇಲೆ ಮಾತಾಡಲಿ

ಟಿಪ್ಪಣಿ ಮತ್ತು ಪ್ರೊಟೊಟೈಪ್ ಒಂದು ದಿನ ಮುಂಚೆ ಕಳಿಸಿ. ಆದರೂ ಕೆಲವರು ನೋಡದೇ ಬರುತ್ತಾರೆ. ಅದಕ್ಕೆ ಬೇಜಾರಾಗದೆ ಮೀಟಿಂಗ್‌ನ ಮೊದಲ ಹದಿನೈದು ನಿಮಿಷ ಎಲ್ಲರೂ ಮೌನವಾಗಿ ನೋಡಲು, ತಮ್ಮ ತಮ್ಮ ಪ್ರಶ್ನೆ ಬರೆದುಕೊಳ್ಳಲು ಬಿಡಿ. ಅಮೆಜಾನ್ ಕಂಪನಿಯಲ್ಲಿ ಮೀಟಿಂಗ್ ಶುರುವಿನಲ್ಲಿ ಎಲ್ಲರೂ ಸುಮ್ಮನೆ ಕೂತು ಟಿಪ್ಪಣಿ ಓದುವ ಪದ್ಧತಿ ಇದೆ. ಮಾತಾಡಲು ಸಂಕೋಚ ಪಡುವವರ ಪ್ರಶ್ನೆಯೂ ಹೀಗೆ ಮಾಡಿದಾಗ ಕಾಗದದ ಮೇಲೆ ಬರುತ್ತದೆ.

ಹಂತ 4: ಸ್ಕ್ರೀನ್ ಲೆಕ್ಕದಲ್ಲಿ ಬೇಡ, ಕೆಲಸದ ಲೆಕ್ಕದಲ್ಲಿ ನಡೆಯಿರಿ

"ಇದು ಹೋಮ್ ಸ್ಕ್ರೀನ್, ಇದು ಪ್ರೊಫೈಲ್ ಸ್ಕ್ರೀನ್" ಅಂತ ತೋರಿಸುತ್ತಾ ಹೋದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಅದರ ಬದಲು ಒಂದು ಕೆಲಸ ಹಿಡಿಯಿರಿ: "ಮಗುವಿಗೆ ಜ್ವರ. ನಾಳೆ ಬೆಳಗ್ಗೆ ಡಾಕ್ಟರ್ ಸಿಗುತ್ತಾರಾ ಅಂತ ತಂದೆ ರಾತ್ರಿ ಹನ್ನೊಂದಕ್ಕೆ ನೋಡುತ್ತಿದ್ದಾರೆ." ಈಗ ಒಂದೊಂದೇ ಹೆಜ್ಜೆ ಇಡಿ. ಪ್ರತಿ ಹೆಜ್ಜೆಯಲ್ಲೂ ನಾಲ್ಕು ಪ್ರಶ್ನೆ ಕೇಳಿ:

ಈಗ ಏನು ಮಾಡಬೇಕು ಅಂತ ಅವರಿಗೆ ಹೊಳೆಯುತ್ತದಾ?
ಅದನ್ನು ಮಾಡುವ ಬಟನ್ ಕಣ್ಣಿಗೆ ಬೀಳುತ್ತದಾ?
ಆ ಬಟನ್ ಮೇಲಿನ ಮಾತು ಅವರ ಕೆಲಸಕ್ಕೆ ಹೊಂದುತ್ತದಾ?
ಒತ್ತಿದ ಮೇಲೆ ಕೆಲಸ ಆಯಿತೋ ಇಲ್ಲವೋ ಅಂತ ಗೊತ್ತಾಗುತ್ತದಾ?

ಇದಕ್ಕೆ ಕಾಗ್ನಿಟಿವ್ ವಾಕ್‌ಥ್ರೂ ಎನ್ನುತ್ತಾರೆ, ಅಂದರೆ ಬಳಸುವವರ ತಲೆಯಲ್ಲಿ ಏನು ಓಡುತ್ತಿದೆ ಅಂತ ಊಹಿಸುತ್ತಾ ಜೊತೆಯಲ್ಲೇ ನಡೆಯುವುದು. ನಾಲ್ಕನೆಯ ಪ್ರಶ್ನೆಗೆ ಹೆಚ್ಚಿನ ಡಿಸೈನ್‌ಗಳಲ್ಲಿ ಉತ್ತರ ಇರುವುದಿಲ್ಲ. ಬುಕ್ ಆಯಿತು ಅಂತ ಸ್ಕ್ರೀನ್ ಹೇಳುತ್ತದೆ, ಆದರೆ ಮೆಸೇಜ್ ಬರುತ್ತದಾ, ಎಷ್ಟು ಹೊತ್ತಿಗೆ ಬರುತ್ತದೆ, ಬರದಿದ್ದರೆ ಎಲ್ಲಿ ನೋಡಬೇಕು? ಅಲ್ಲಿ ಖಾಲಿ.

ಈ ಹಂತದಲ್ಲಿ ಡಿಸೈನರ್ ಮಧ್ಯೆ ಬಾಯಿ ಹಾಕಿ ವಿವರಿಸಬಾರದು. ಆ್ಯಪ್ ಬಳಸುವಾಗ ಪಕ್ಕದಲ್ಲಿ ವಿವರಿಸುವವರು ಯಾರೂ ಇರುವುದಿಲ್ಲ ಅಲ್ವಾ?

ಹಂತ 5: ಎಲ್ಲ ಸರಿ ಇಲ್ಲದಾಗ ಏನಾಗುತ್ತದೆ?

ರಿವ್ಯೂನ ಜೀವಾಳ ಇದೇ. ಅರ್ಧ ಸಮಯ ಇದಕ್ಕೇ ಇಡಿ ಅಂತ ಖಂಡಿತವಾಗಿ ಹೇಳುತ್ತೇನೆ. ಡಿಸೈನರ್ ಬರೆದು ತರುವುದು ಸಾಮಾನ್ಯವಾಗಿ ಹ್ಯಾಪಿ ಪಾತ್, ಅಂದರೆ ಎಲ್ಲವೂ ಅಂದುಕೊಂಡಂತೆ ನಡೆಯುವ ದಾರಿ. ನೆಟ್‌ವರ್ಕ್ ಇದೆ, ಡಾಕ್ಟರ್ ಬಿಡುವಾಗಿದ್ದಾರೆ, ಹೆಸರು ಚಿಕ್ಕದಾಗಿದೆ, ಫೋಟೊ ಚೆನ್ನಾಗಿದೆ. ಡೆವಲಪರ್ ಮಾತ್ರ ಉಳಿದ ದಾರಿಗಳಿಗೂ ಕೋಡ್ ಬರೆಯಲೇಬೇಕು. ಡಿಸೈನ್‌ನಲ್ಲಿ ಅವು ಇಲ್ಲದಿದ್ದರೆ ತನಗೆ ತೋಚಿದಂತೆ ಬರೆಯುತ್ತಾರೆ. ಹಾಗೆ ತೋಚಿದಂತೆ ಬರೆದದ್ದೇ ಆಮೇಲೆ ದೂರಾಗಿ ಬರುತ್ತದೆ.

ಪ್ರತಿ ಸ್ಕ್ರೀನ್‌ಗೂ ಈ ಸ್ಥಿತಿಗಳನ್ನು ಕೇಳಿ. ಏನೂ ಇಲ್ಲದಾಗ: ಮೊದಲ ಸಲ ಬಂದವರಿಗೆ "ನನ್ನ ಅಪಾಯಿಂಟ್‌ಮೆಂಟ್‌ಗಳು" ಪುಟದಲ್ಲಿ ಏನು ಕಾಣುತ್ತದೆ? ಕಾಯುವಾಗ: ಸರ್ವರ್ ಉತ್ತರ ಕೊಡಲು ಎಂಟು ಸೆಕೆಂಡ್ ತೆಗೆದುಕೊಂಡರೆ? ತಪ್ಪಾದಾಗ: ಎರರ್ ಮೆಸೇಜ್ ಏನು ಹೇಳುತ್ತದೆ, ಮುಂದೇನು ಮಾಡಬೇಕು ಅಂತಲೂ ಹೇಳುತ್ತದಾ? ತುಂಬಿ ತುಳುಕುವಾಗ: ಇನ್ನೂರು ಡಾಕ್ಟರ್‌ಗಳ ಪಟ್ಟಿ ಬಂದರೆ? ಅನುಮತಿ ಇಲ್ಲದಾಗ: ಲೊಕೇಶನ್ ಕೊಡುವುದಿಲ್ಲ ಅಂತ ಬಳಕೆದಾರರು ಹೇಳಿದರೆ ಪಟ್ಟಿ ಖಾಲಿಯಾಗಿ ನಿಲ್ಲುತ್ತದಾ?

ಆಮೇಲೆ ಎಡ್ಜ್ ಕೇಸ್‌ಗಳು, ಅಂದರೆ ಅಪರೂಪಕ್ಕೆ ಆದರೂ ಆಗಿಯೇ ಆಗುವ ಸಂದರ್ಭಗಳು. ಇಲ್ಲಿ ಟೆಸ್ಟರ್‌ಗೆ ಮಾತು ಬಿಟ್ಟುಕೊಡಿ. ಒಂದೇ ಸಮಯಕ್ಕೆ ಇಬ್ಬರು ಬುಕ್ ಒತ್ತಿದರೆ ಯಾರಿಗೆ ಸಿಗುತ್ತದೆ, ಸಿಗದವರಿಗೆ ಏನು ಕಾಣುತ್ತದೆ? ಹಣ ಕಟ್ಟುವಾಗ ಫೋನ್ ಆಫ್ ಆದರೆ? ಬಟನ್ ಎರಡು ಸಲ ಒತ್ತಿದರೆ ಎರಡು ಬುಕಿಂಗ್ ಆಗುತ್ತದಾ? ಡಾಕ್ಟರೇ ರದ್ದು ಮಾಡಿದರೆ? ಹೆಸರಿನ ಪೆಟ್ಟಿಗೆ ಎರಡು ಭಾಗ ಕಡ್ಡಾಯ ಅಂದರೆ ಒಂದೇ ಹೆಸರಿರುವವರು ಏನು ತುಂಬಬೇಕು? ಬೇರೆ ಭಾಷೆಗೆ ಅನುವಾದ ಮಾಡಿದಾಗ ಮಾತು ಉದ್ದವಾಗಿ ಬಟನ್‌ನಿಂದ ಹೊರಗೆ ಬರುತ್ತದಾ? ಅಕ್ಷರದ ಮೇಲೆ ಕೆಳಗೆ ಚಿಹ್ನೆಗಳಿರುವ ಲಿಪಿಗಳಲ್ಲಿ ಸಾಲಿನ ಎತ್ತರ ಸಾಲದೆ ಅವು ಕತ್ತರಿಸಿ ಹೋಗುತ್ತವಾ?

ತಪ್ಪಾಗಿ ಒತ್ತಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯ ಬಗ್ಗೆ ವಿಶೇಷವಾಗಿ ಕೇಳಿ. 2018ರ ಜನವರಿ 13ರಂದು ಅಮೆರಿಕದ ಹವಾಯಿ ರಾಜ್ಯದ ಜನರ ಮೊಬೈಲ್‌ಗಳಿಗೆ ಕ್ಷಿಪಣಿ ಬರುತ್ತಿದೆ ಎಂಬ ಎಚ್ಚರಿಕೆ ಹೋಯಿತು. ಅದು ಸುಳ್ಳು ಎಚ್ಚರಿಕೆ. ಸುಳ್ಳು ಅಂತ ಅಧಿಕಾರಿಗಳಿಗೆ ಬೇಗನೇ ಗೊತ್ತಾದರೂ ಮೊಬೈಲ್‌ಗಳಿಗೆ ತಿದ್ದುಪಡಿ ಸಂದೇಶ ಹೋಗಲು 38 ನಿಮಿಷ ಹಿಡಿಯಿತು. ಸುಳ್ಳು ಎಚ್ಚರಿಕೆ ಹೋದರೆ ಕಳಿಸಬೇಕಾದ ಸಂದೇಶವನ್ನು ಮೊದಲೇ ಸಿದ್ಧ ಮಾಡಿಟ್ಟಿರಲಿಲ್ಲ. ಅಷ್ಟು ಹೊತ್ತು ಜನ ಪ್ರಾಣಭಯದಲ್ಲಿದ್ದರು. "ಇದನ್ನು ತಪ್ಪಾಗಿ ಕಳಿಸಿದರೆ ಮುಂದೇನು?" ಎಂಬ ಪ್ರಶ್ನೆಯನ್ನು ಡಿಸೈನ್ ಮಾಡುವಾಗಲೇ ಕೇಳಿ ಉತ್ತರ ಬರೆದಿಡಬೇಕು ಅನ್ನುವುದು ಇದಕ್ಕೇ.

ಈ ಹಂತದ ಕೊನೆಗೆ ಹತ್ತು ನಿಮಿಷ ಒಂದು ಅಭ್ಯಾಸ ಮಾಡಿ. "ಆರು ತಿಂಗಳಾಯಿತು, ನಮ್ಮ ಆ್ಯಪ್ ಸೋತಿದೆ. ಯಾಕೆ ಸೋತಿತು?" ಅಂತ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇದನ್ನು ಪ್ರಿಮಾರ್ಟಮ್ ಎಂದು ಕರೆದಿದ್ದಾರೆ. "ಏನಾದರೂ ತೊಂದರೆ ಇದೆಯಾ?" ಅಂದರೆ ಸುಮ್ಮನಿರುವವರು ಕೂಡ ಸೋತಾಗಿದೆ ಅಂತ ಒಪ್ಪಿಕೊಂಡು ಕೇಳಿದಾಗ ಮನಸ್ಸಿನಲ್ಲಿರುವುದನ್ನು ಬರೆಯುತ್ತಾರೆ.

ಹಂತ 6: ಸ್ಕ್ರೀನ್ ಮೇಲಿನ ಪ್ರತಿ ಮಾಹಿತಿಯ ಮೇಲೂ ಬೆರಳಿಡಿ

ಇದು ಡೆವಲಪರ್ ನಡೆಸಬೇಕಾದ ಹಂತ. ಸ್ಕ್ರೀನ್ ಮೇಲೆ ಕಾಣುವ ಒಂದೊಂದು ಪದ, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಕೇಳಲಿ: ಇದು ಎಲ್ಲಿಂದ ಬರುತ್ತದೆ? "ಡಾಕ್ಟರ್ ಈಗ ಲಭ್ಯ" ಅಂತ ಹಸಿರು ಚುಕ್ಕೆ ಇದೆ ಅನ್ನೋಣ. ಆ ಮಾಹಿತಿ ಕೊಡುವವರು ಯಾರು? ಆಸ್ಪತ್ರೆಯ ಸಿಸ್ಟಮ್ ದಿನಕ್ಕೊಂದು ಸಲ ಮಾತ್ರ ಮಾಹಿತಿ ಕಳಿಸುವುದಾದರೆ ಹಸಿರು ಚುಕ್ಕೆ ಸುಳ್ಳು ಹೇಳುತ್ತದೆ. ಇಂಥ ಸಿಸ್ಟಮ್‌ಗಳು ಒಂದಕ್ಕೊಂದು ಮಾತಾಡುವ ಒಪ್ಪಂದಕ್ಕೆ ಎಪಿಐ ಎನ್ನುತ್ತಾರೆ. ಅದರಲ್ಲಿ ಇಲ್ಲದ ಮಾಹಿತಿಯನ್ನು ಡಿಸೈನ್ ಕೇಳುತ್ತಿದೆಯಾ ಅನ್ನುವುದು ಇಲ್ಲಿ ಬಯಲಾಗುತ್ತದೆ.

ಜೊತೆಗೆ ಇನ್ನೂ ಮೂರು ಪ್ರಶ್ನೆ. ಇದನ್ನು ಯಾರು ಯಾರು ನೋಡಬಹುದು? ಎಷ್ಟು ದಿನ ಇಟ್ಟುಕೊಳ್ಳುತ್ತೇವೆ? ಒಂದೇ ಇರುತ್ತದೆ ಅಂದುಕೊಂಡದ್ದು ಮುಂದೆ ಎರಡಾಗಬಹುದಾ? ಕೊನೆಯದನ್ನು ಮರೆಯಲೇಬೇಡಿ. ಒಂದು ಖಾತೆಗೆ ಒಬ್ಬ ರೋಗಿ, ಒಬ್ಬ ಡಾಕ್ಟರ್‌ಗೆ ಒಂದು ಆಸ್ಪತ್ರೆ, ಒಬ್ಬರಿಗೆ ಒಂದು ಫೋನ್ ನಂಬರ್. ಹೀಗೆ ಒಂದಕ್ಕೊಂದು ಅಂತ ಕಟ್ಟಿದ್ದನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ಬಟನ್ ಬಣ್ಣ ಯಾವಾಗ ಬೇಕಾದರೂ ಬದಲಾಯಿಸಬಹುದು, ಡೇಟಾ ಕಟ್ಟುವ ರೀತಿ ಹಾಗಲ್ಲ. ನಿಮಗೆ ಸಮಯ ತೀರಾ ಕಡಿಮೆ ಇದ್ದರೆ ಬೇರೆಲ್ಲ ಬಿಟ್ಟು ಐದನೇ ಹಂತ ಮತ್ತು ಈ ಹಂತ ಮಾತ್ರ ಮಾಡಿ.

ಹಂತ 7: ಎಲ್ಲರಿಗೂ ಬಳಸಲು ಆಗುತ್ತದಾ ಅಂತ ಅಳೆದು ನೋಡಿ

ಇಲ್ಲಿ ಅಭಿಪ್ರಾಯ ಬೇಡ, ಅಳತೆ ಇದೆ. ಅಂಗವಿಕಲರೂ ವೆಬ್ ಬಳಸುವಂತಿರಲು ಮಾಡಿದ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢದ ವ್ಯತ್ಯಾಸ, ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1. ಇದನ್ನು ಅಳೆಯಲು ಉಚಿತ ಟೂಲ್‌ಗಳಿವೆ. 2023ರಲ್ಲಿ ಬಂದ ಅದರ 2.2 ಆವೃತ್ತಿ, ಕೆಲವು ವಿನಾಯಿತಿ ಬಿಟ್ಟರೆ, ಒತ್ತುವ ಜಾಗ ಕನಿಷ್ಠ 24 × 24 ಪಿಕ್ಸೆಲ್ ಇರಬೇಕು ಎನ್ನುತ್ತದೆ. ಬೆರಳಿಂದ ಒತ್ತುವ ಫೋನ್‌ಗೆ ಅದೂ ಚಿಕ್ಕದೇ. ಆಪಲ್ 44 ಪಾಯಿಂಟ್, ಆಂಡ್ರಾಯ್ಡ್ 48 ಡಿಪಿ ಇಡಲು ಸಲಹೆ ಕೊಡುತ್ತವೆ (ಪಾಯಿಂಟ್, ಡಿಪಿ ಅಂದರೆ ಅವರವರ ಫೋನ್‌ಗಳಲ್ಲಿ ಸ್ಕ್ರೀನ್ ಅಳೆಯುವ ಮಾನಗಳು). ಬರೀ ಕೆಂಪು ಹಸಿರಿನಿಂದ ಅರ್ಥ ಹೇಳಬೇಡಿ, ಪಕ್ಕದಲ್ಲಿ ಪದವೂ ಇರಲಿ. ಆ ಎರಡು ಬಣ್ಣಗಳ ವ್ಯತ್ಯಾಸ ಕಾಣದವರಿದ್ದಾರೆ.

ಹಂತ 8: ನಾಲ್ಕೈದು ನಿಜವಾದ ಬಳಕೆದಾರರ ಮುಂದಿಡಿ

ತಂಡದವರು ಎಷ್ಟೇ ಯೋಚಿಸಿದರೂ ಹೊರಗಿನವರು ಎಡವುವ ಜಾಗವೇ ಬೇರೆ ಇರುತ್ತದೆ. ಸಾವಿರ ಜನರ ಸಮೀಕ್ಷೆ ಬೇಕಿಲ್ಲ. ಐದು ಜನರೊಂದಿಗೆ ನೋಡಿ, ತಿದ್ದಿ, ಮತ್ತೆ ಐದು ಜನರೊಂದಿಗೆ ನೋಡುವುದು ಒಂದೇ ಸಲ ದೊಡ್ಡ ಪರೀಕ್ಷೆ ಮಾಡುವುದಕ್ಕಿಂತ ಒಳ್ಳೆಯದು ಅಂತ ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದರು. ಡಾಕ್ಟರ್ ಮತ್ತು ರೋಗಿಯಂತೆ ಬಳಸುವವರಲ್ಲಿ ಬೇರೆ ಬೇರೆ ಬಗೆ ಇದ್ದರೆ ಒಂದೊಂದು ಬಗೆಯಿಂದಲೂ ಕೆಲವರು ಬೇಕು.

ಅವರಿಗೆ "ಇಷ್ಟ ಆಯಿತಾ?" ಅಂತ ಕೇಳಬೇಡಿ. ಮುಖದಾಕ್ಷಿಣ್ಯಕ್ಕೆ ಹೌದು ಅಂತಾರೆ. ಒಂದು ಕೆಲಸ ಕೊಟ್ಟು ಸುಮ್ಮನೆ ನೋಡಿ.

ಹಂತ 9: ಬಂದ ಮಾತುಗಳನ್ನು ಬೇರ್ಪಡಿಸಿ, ತೀರ್ಮಾನ ಬರೆದಿಡಿ

ಈಗ ನಿಮ್ಮ ಮುಂದೆ ಒಂದು ರಾಶಿ ಕಾಮೆಂಟ್ ಇರುತ್ತದೆ. ಎಲ್ಲಕ್ಕೂ ಒಂದೇ ತೂಕ ಕೊಡಬೇಡಿ. ಇದು ಸರಿಯಾಗದೆ ಕೋಡ್ ಶುರು ಮಾಡಬಾರದು ಅನ್ನುವಂಥವು ಒಂದು ಗುಂಪು. ಕೋಡ್ ನಡೆಯುತ್ತಿರುವಾಗಲೂ ತಿದ್ದಬಹುದಾದವು ಇನ್ನೊಂದು. ಉಳಿದವು ಮುಂದಿನ ಆವೃತ್ತಿಗೆ. ಮೊದಲ ಗುಂಪು ಚಿಕ್ಕದಾಗಿರಬೇಕು. ಎಲ್ಲವೂ ಅದರಲ್ಲೇ ಬಂದು ಕೂತಿದ್ದರೆ ಒಂದೋ ಡಿಸೈನ್ ಇನ್ನೂ ಹಸಿಯಾಗಿದೆ, ಇಲ್ಲವೇ ಬೇರ್ಪಡಿಸುವವರಿಗೆ ಧೈರ್ಯ ಸಾಲದು.

ಕಾಮೆಂಟ್ ಬರೆಯುವವರಿಗೆ ಒಂದು ಮಾತು. "ಈ ಬಟನ್ ಮೇಲೆ ತನ್ನಿ" ಅಂತ ಪರಿಹಾರ ಬರೆಯಬೇಡಿ. "ಕೀಬೋರ್ಡ್ ತೆರೆದಾಗ ಬಟನ್ ಮುಚ್ಚಿಹೋಗುತ್ತದೆ, ಮುಂದೆ ಹೇಗೆ ಹೋಗಬೇಕು ಅಂತ ಗೊತ್ತಾಗುವುದಿಲ್ಲ" ಅಂತ ತೊಂದರೆಯನ್ನು ಬರೆಯಿರಿ. ಪರಿಹಾರ ಹುಡುಕುವುದು ಡಿಸೈನರ್ ಕೆಲಸ. ಅವರಿಗೆ ನಿಮಗಿಂತ ಒಳ್ಳೆಯ ದಾರಿ ಹೊಳೆಯಬಹುದು. "ನನಗೆ ಹಿಡಿಸಲಿಲ್ಲ" ಅನ್ನುವ ಕಾಮೆಂಟ್ ಬಂದರೆ ಯಾರಿಗೆ, ಯಾವಾಗ, ಏನು ಕಷ್ಟ ಆಗುತ್ತದೆ ಅಂತ ಮೆಲ್ಲಗೆ ಕೇಳಿ. ಉತ್ತರ ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಪ್ರತಿ ತೀರ್ಮಾನಕ್ಕೂ ಮೂರು ಸಾಲು ಬರೆದಿಡಿ: ಏನು ಗೊತ್ತು ಮಾಡಿದೆವು, ಯಾಕೆ, ಯಾವ ಬೇರೆ ದಾರಿಯನ್ನು ಬಿಟ್ಟೆವು. ಇದನ್ನು ಡಿಸಿಷನ್ ಲಾಗ್ ಅನ್ನುತ್ತಾರೆ. ಎರಡು ತಿಂಗಳ ನಂತರ ತಂಡಕ್ಕೆ ಹೊಸಬರು ಬಂದು "ಇದ್ಯಾಕೆ ಹೀಗಿದೆ?" ಅಂದಾಗ ಅದೇ ಚರ್ಚೆ ಮತ್ತೆ ಮೊದಲಿಂದ ಶುರುವಾಗದಂತೆ ಕಾಯುವುದು ಈ ಮೂರು ಸಾಲು.

ಹಂತ 10: ಯಾವಾಗ ನಿಲ್ಲಿಸಬೇಕು?

ಮೊದಲ ಗುಂಪು ಖಾಲಿಯಾದಾಗ. ಎಲ್ಲ ಪ್ರಶ್ನೆಗೂ ಉತ್ತರ ಸಿಗುವ ತನಕ ಕಾಯುತ್ತಾ ಕೂತರೆ ಪ್ರಾಡಕ್ಟ್ ಹೊರಗೇ ಬರುವುದಿಲ್ಲ. ನಾಲ್ಕನೇ ಸಲವೂ ಅದೇ ವಿಷಯಕ್ಕೆ ಸೇರುತ್ತಿದ್ದೀರಿ ಅಂದರೆ ತೊಂದರೆ ಡಿಸೈನ್‌ನಲ್ಲಿ ಇಲ್ಲ, ತೀರ್ಮಾನ ಹೇಳುವವರು ಯಾರು ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ.

ಕೋಡ್ ಶುರುವಾದ ಮೇಲೂ ಹೊಸ ವಿಷಯಗಳು ಗೊತ್ತಾಗುತ್ತವೆ, ಅದು ಸಹಜ. ಆಗ ಡೆವಲಪರ್ ಮತ್ತು ಡಿಸೈನರ್ ಇಬ್ಬರೇ ಮೂಲೆಯಲ್ಲಿ ನಿಂತು ಬದಲಾಯಿಸಿಬಿಡುವುದು ಬೇಡ. ಲಾಗ್‌ನಲ್ಲಿ ಒಂದು ಸಾಲು ಸೇರಿಸಿ, ಟೆಸ್ಟರ್‌ಗೂ ಸಪೋರ್ಟ್‌ನವರಿಗೂ ತಿಳಿಸಿ. ಡೇಟಾ ಕಟ್ಟುವ ರೀತಿಯೇ ಬದಲಾಗುವಂತಿದ್ದರೆ ಆರನೇ ಹಂತಕ್ಕೆ ಎಲ್ಲರೂ ಇನ್ನೊಮ್ಮೆ ಕೂರಿ.

ಒಬ್ಬರೇ ಕೆಲಸ ಮಾಡುವವರೂ ಕೇಳಿದ್ದೀರಿ, ನಮಗೆ ತಂಡವೇ ಇಲ್ಲವಲ್ಲ ಅಂತ. ಡಿಸೈನ್ ಮುಗಿಸಿದ ದಿನ ಕೋಡ್‌ಗೆ ಕೈ ಹಾಕಬೇಡಿ. ಒಂದೆರಡು ದಿನ ಬಿಟ್ಟು ಐದು ಮತ್ತು ಆರನೇ ಹಂತದ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು, ಒಂದೊಂದಕ್ಕೂ ಬರವಣಿಗೆಯಲ್ಲೇ ಉತ್ತರ ಕೊಡಿ. ತಲೆಯಲ್ಲೇ ಉತ್ತರ ಕೊಟ್ಟುಕೊಂಡರೆ ಎಲ್ಲದಕ್ಕೂ "ಸರಿ ಇದೆ" ಅಂತಲೇ ಬರುತ್ತದೆ. ಆಮೇಲೆ ಈ ಕೆಲಸದ ಗಂಧವೇ ಇಲ್ಲದ ಇಬ್ಬರ ಕೈಗೆ ಪ್ರೊಟೊಟೈಪ್ ಕೊಟ್ಟು, ಮಗುವಿಗೆ ಅಪಾಯಿಂಟ್‌ಮೆಂಟ್ ಮಾಡಿ ಅಂತ ಹೇಳಿ. ಅವರು ಎಲ್ಲಿ ತಡೆದು ನಿಂತರು, ಯಾವ ಬಟನ್ ಹುಡುಕಿದರು ಅನ್ನುವುದನ್ನು ಬರೆದುಕೊಳ್ಳಿ. ಎಷ್ಟೇ ಅನ್ನಿಸಿದರೂ ಸಹಾಯಕ್ಕೆ ಹೋಗಬೇಡಿ.